ಟೀವಿ ಪಕ್ಕದ ಮೊಸಳೆ

ನಮ್ಮ ಮನೆಯ ಟೀವಿಯ ಪಕ್ಕದಲ್ಲಿ ಒಂದು ಮೊಸಳೆ ಇತ್ತು. ಗಾಬರಿಯಾಗಬೇಡಿ, ಮಣ್ಣಿನದು. ಅಂಗೈಗಿಂತ ಸ್ವಲ್ಪ ಉದ್ದ, ಬಾಲದ ತುದಿ ಮುಕ್ಕು, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ. ಹೋದ ತಿಂಗಳು ಕೇಬಲ್ ರಿಪೇರಿಗೆ ಬಂದ ಮುನಿರಾಜು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಆಂಟೀ, ಈ ಓತಿಕ್ಯಾತನ್ನ ಎಲ್ಲಿಡ್ಲಿ?" ಅಂದ.

ಅವನ ತಪ್ಪೇನಿಲ್ಲ. ಅದನ್ನು ಮೊಸಳೆ ಅಂತ ಗುರುತು ಹಿಡಿದವರು ಇವತ್ತಿನವರೆಗೆ ಯಾರೂ ಇಲ್ಲ. ಕೆಲವರು ಹಲ್ಲಿ ಅಂದಿದ್ದಾರೆ, ಒಬ್ಬರು ಉಡ ಅಂದಿದ್ದಾರೆ. ನಮ್ಮ ಬೀಗರೊಬ್ಬರು ಬಹಳ ಹೊತ್ತು ತಿರುಗಿಸಿ ನೋಡಿ, ನನ್ನ ಮರ್ಯಾದೆ ಉಳಿಸುವುದಕ್ಕೆ, ಕಪ್ಪೆ ಚೆನ್ನಾಗಿದೆ ಅಂದರು. ಆದರೂ ಪ್ರತಿಸಲವೂ ನನಗೆ ಸಿಟ್ಟು ಬರುತ್ತದೆ. ಅವತ್ತೂ ಬಂತು. ಮೊದಲೇ ಅವನು ಹೇಳಿದ ಹೊತ್ತಿಗೆ ಬಂದಿರಲಿಲ್ಲ. ಯಾಕೆ ತಡ ಅಂದರೆ, ಹುತ್ತೂರಿನ ಹತ್ತಿರ, ನನ್ನ ತವರೂರಿನ ಕೆರೆ ತುಂಬಿ ಕೋಡಿ ಹೋಗಿ ರಸ್ತೆಯ ಮೇಲೆ ನೀರು, ಗಾಡಿ ನಿಂತುಹೋಯಿತು ಅಂದ. ಈ ಬಿಸಿಲಲ್ಲಿ ಕೋಡಿ ಹೋಗುವಂಥ ಮಳೆ ಎಲ್ಲಿ ಬಂತು ಅಂತ ಕೇಳಿದೆ. ಮಳೆಯಲ್ಲ, ಬೆಂಗಳೂರ ನೀರು ಅನ್ನುತ್ತ ವೈರು ಹಿಡಿದು ತಾರಸಿ ಹತ್ತಿಬಿಟ್ಟ. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಹಾಕಿಕೊಂಡಿರಿ, ಆಮೇಲೆ ಬೇಕಾಗುತ್ತದೆ.

ನಮ್ಮ ಕೋಲಾರದ ಕಡೆ ಹೊಳೆ ಇಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಹುಟ್ಟುವುದಕ್ಕೆ ನಂದಿಬೆಟ್ಟದ ಸುತ್ತಮುತ್ತ ನಾಲ್ಕಾರು ಹೊಳೆ ಹುಟ್ಟುತ್ತವೆ. ಆದರೆ ನೆಟ್ಟಗೆ ನಡೆಯುವುದು ಕಲಿಯುವ ಮೊದಲೇ ಆಂಧ್ರಕ್ಕೋ ತಮಿಳುನಾಡಿಗೋ ಹೋಗಿಬಿಡುತ್ತವೆ. ನಮಗೆ ಉಳಿಯುವುದು ಅವುಗಳ ಹೆಸರು, ಒಂದಿಷ್ಟು ಮರಳು. ಅದಕ್ಕೇ ನಮ್ಮ ಹಿರಿಯರು ಕಂಡಕಂಡಲ್ಲಿ ಕೆರೆ ಕಟ್ಟಿದರು. ನಾನು ಹುಟ್ಟಿ ಬೆಳೆದದ್ದು ಅಂಥದೊಂದು ಕೆರೆಯ ಕೆಳಗಿನ ಊರಿನಲ್ಲಿ. ರಾಗಿ, ಹಿಪ್ಪುನೇರಳೆ, ಮನೆತುಂಬ ರೇಷ್ಮೆಹುಳು. ನೀರು ಅಂದರೆ ನಮಗೆ ಮೊದಲು ಕಾಣುವುದು ಅದನ್ನು ತಡೆದು ನಿಲ್ಲಿಸುವ ಏರಿ, ಆಮೇಲೆ ಅಳೆದು ಬಿಡುವ ತೂಬು, ಆಮೇಲೆ ಯಾವತ್ತು ಯಾರ ಗದ್ದೆಗೆ ನೀರು ಬಿಡಬೇಕು ಅಂತ ಹೇಳುವ ನೀರುಗಂಟಿ. ನೀರು ತನ್ನಷ್ಟಕ್ಕೆ ತಾನು ಹಗಲೂ ರಾತ್ರಿ, ಯಾರನ್ನೂ ಕೇಳದೆ ಹರಿದುಕೊಂಡು ಹೋಗುತ್ತದೆ ಅಂದರೆ ನಮಗದು ನೀರಿನ ಕಥೆಯಲ್ಲ, ಬೇಜವಾಬ್ದಾರಿಯ ಕಥೆ.

ಇಂಥ ಊರಿಗೆ ಕಮಲಾಕ್ಷಿ ಟೀಚರ್ ಬಂದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನಾಗ ನಾಲ್ಕನೇ ಕ್ಲಾಸು. ಅವರದು ತಲಕಾಡಿನ ಕಡೆ, ಕಾವೇರಿಯ ದಡದ ಮೇಲೇ ಮನೆ. ಮೊದಲ ಕೆಲಸ, ಮೊದಲ ಊರು. ನಮ್ಮ ಮನೆಯ ಮುಂದಿನ ಕೋಣೆಯನ್ನೇ ಬಾಡಿಗೆಗೆ ಹಿಡಿದರು. ಬಂದ ಮಾರನೆಯ ಬೆಳಿಗ್ಗೆ ಹೆಗಲ ಮೇಲೆ ಟವಲು ಹಾಕಿಕೊಂಡು ಅಂಗಳಕ್ಕೆ ಬಂದು, ಹೊಳೆಗೆ ಯಾವ ಕಡೆಯಿಂದ ಹೋಗಬೇಕು ಅಂತ ನಮ್ಮವ್ವನನ್ನು ಕೇಳಿದರು. ನಮ್ಮ ಕಡೆ ಅಜ್ಜಿಯನ್ನು ಅವ್ವ ಅನ್ನುವುದು. ಅವ್ವ ಒಳಗೆ ಹೋಗಿ ಎರಡು ಬಿಂದಿಗೆ ನೀರು ತಂದು ಅವರ ಮುಂದೆ ಇಟ್ಟಳು. ಮೀಯಲು, ಒಗೆಯಲು, ಎಲ್ಲಕ್ಕೂ ಸೇರಿ ಅಷ್ಟೇ. ಟೀಚರ್ ಆ ಬಿಂದಿಗೆಗಳನ್ನು ನೋಡಿದ ನೋಟ ನನಗಿನ್ನೂ ನೆನಪಿದೆ.

ರಾತ್ರಿ ಹೊಳೆಯ ಸದ್ದಿಲ್ಲದೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಒಂದು ವಾರ ಕಣ್ಣು ಕೆಂಪು ಮಾಡಿಕೊಂಡೇ ಸ್ಕೂಲಿಗೆ ಬಂದರು. ಆಮೇಲೆ ನಮ್ಮ ಮನೆಯಲ್ಲಿ ರೇಷ್ಮೆಹುಳು ದೊಡ್ಡವಾದವು. ದೊಡ್ಡ ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಕೇಳಿದ್ದೀರಾ? ದೂರದಲ್ಲೆಲ್ಲೋ ನೀರು ಹರಿದ ಹಾಗಿರುತ್ತದೆ. ಟೀಚರ್ ತಮ್ಮ ಚಾಪೆಯನ್ನು ಹುಳುಮನೆಯ ಗೋಡೆಗೆ ಒತ್ತಿ ಹಾಸಿಕೊಂಡು ಬೆಳಗಾಗುವವರೆಗೆ ಮಲಗಿದರು. ಗೂಡು ಕಟ್ಟಿ ಸದ್ದು ನಿಂತ ಮೇಲೆ ಮತ್ತೆ ಕಣ್ಣು ಕೆಂಪು.

ಅವರು ಪಾಠ ಮಾಡುತ್ತಿದ್ದ ರೀತಿಯನ್ನು ಹೇಗೆ ಹೇಳಲಿ. ಅವರಿಗಿಂತ ಮುಂಚೆ ನಮಗಿದ್ದ ಮೇಷ್ಟ್ರು ಪಾಠವನ್ನು ನಿದ್ದೆಯಲ್ಲೇ ಮಾಡುತ್ತಿದ್ದರು, ನಾವು ನಿದ್ದೆಯಲ್ಲೇ ಕಲಿಯುತ್ತಿದ್ದೆವು. ಪುಸ್ತಕದಲ್ಲಿ ಕಾವೇರಿ ಒಂದು ನೀಲಿ ಗೆರೆ. ಟೀಚರ್ ಆ ಗೆರೆಯೊಳಗಿಂದ ಏನೇನನ್ನೋ ಎತ್ತಿ ಹೊರಗೆ ಹಾಕುತ್ತಿದ್ದರು. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುವ ಮೊಸಳೆ. ಹಿಡಿದ ಮೀನಿಗಾಗಿ ಮಕ್ಕಳ ಹಾಗೆ ಕಚ್ಚಾಡುವ ನೀರುನಾಯಿಗಳ ಸಂಸಾರ. ಆಳೆತ್ತರದ ಬಿಳಿಮೀನು. ಮರದ ತುಂಬ ಗೂಡು ಕಟ್ಟಿ ಊರಿಗೆಲ್ಲ ಕೇಳುವ ಹಾಗೆ ಜಗಳವಾಡುವ ಕೊಕ್ಕರೆಗಳು. ಹರಿಗೋಲು ಹಾಕುವ ಅವರ ಪಕ್ಕದ ಮನೆಯ ಅಂಬಿಗರು, ಮಡುವಿನಲ್ಲಿ ಬಲೆ ಬೀಸುವ ಬೆಸ್ತರು, ಪ್ರವಾಹ ಬಂದಾಗ ಹಟ್ಟಿಯಿಂದ ಎಮ್ಮೆಗಳನ್ನು ಈಜಿಸಿಕೊಂಡು ಬರುವ ಹೆಂಗಸರು. ನೀರುನಾಯಿ ಹೇಗೆ ಕೂಗುತ್ತದೆ ಅಂತ ತೋರಿಸುವುದಕ್ಕೆ ಟೀಚರ್ ಮೇಜಿನ ಮೇಲೆ ಮೊಣಕೈ ಊರಿ ಕೂಗಿದರೆ, ಪಕ್ಕದ ರಾಗಿಹೊಲದಲ್ಲಿ ಕಳೆ ಕೀಳುತ್ತಿದ್ದವರು ಕುಡುಗೋಲು ಬಿಟ್ಟು ನೋಡುತ್ತಿದ್ದರು.

ನಾವು ಎಲ್ಲವನ್ನೂ ನಂಬಿದೆವು, ಒಂದನ್ನು ಬಿಟ್ಟು. ಅಷ್ಟು ನೀರಿಗೆ ಏರಿ ಎಲ್ಲಿದೆ ಅಂತ ನಾರಾಯಣಸ್ವಾಮಿ ಕೇಳಿದ. ಅವನು ನನ್ನ ಜೊತೆ ಓದುತ್ತಿದ್ದ ನಮ್ಮೂರ ನೀರುಗಂಟಿಯ ಮಗ. ಏರಿ ಇಲ್ಲ ಅಂದರು ಟೀಚರ್. ಅದರ ನೀರುಗಂಟಿ ಯಾರು ಅಂದ. ಯಾರೂ ಇಲ್ಲ ಅಂದರು. ನಾರಾಯಣಸ್ವಾಮಿ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಪಾಪ, ಟೀಚರಿಗೆ ಊರಿನ ಮೇಲೆ ಆಸೆ, ಸ್ವಲ್ಪ ಜಾಸ್ತಿ ಹೇಳುತ್ತಾರೆ ಅನ್ನುವ ಅರ್ಥ ಅದಕ್ಕೆ.

ಆಸೆ ಇದ್ದದ್ದು ನಿಜ. ತಮ್ಮ ಕಡೆಗೆ ವರ್ಗ ಬೇಕು ಅಂತ ಅವರು ಬಂದ ವರ್ಷವೇ ಅರ್ಜಿ ಹಾಕಿದ್ದರು. ಹಳ್ಳಿಯಲ್ಲಿ ಇಂಥದು ಮುಚ್ಚಿಡುವುದಕ್ಕಾಗುತ್ತದೆಯೆ? ಪೋಸ್ಟಿನವನ ಸೈಕಲ್ಲು ಏರಿಯ ಮೇಲೆ ಕಂಡರೆ ಸಾಕು, ಅದು ನಮ್ಮ ಬೀದಿ ದಾಟುವವರೆಗೆ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಟೀಚರ್ ಹೋಗಿಬಿಡುತ್ತಾರೆ ಅನ್ನುವುದು ಬಿಟ್ಟರೆ ಆ ವಯಸ್ಸಿನಲ್ಲಿ ನನಗೆ ಬೇರೆ ಭಯವೇ ಇರಲಿಲ್ಲ. ನನಗೆ ಅವರ ಮೇಲೆ ಅಷ್ಟು ಪ್ರೀತಿ. ಅವರ ಸೀರೆಯ ನೆರಿಗೆ ಹಿಡಿಯುತ್ತಿದ್ದವಳು ನಾನು, ಜಡೆಗೆ ಕನಕಾಂಬರ ತರುತ್ತಿದ್ದವಳು ನಾನು. ನಾನೂ ನಾರಾಯಣಸ್ವಾಮಿಯೂ ಹುಣಸೆಮರದ ಕೆಳಗೆ ಕೂತು ಬಹಳ ಯೋಚನೆ ಮಾಡಿದೆವು. ಟೀಚರ್ ಹೋಗಬೇಕು ಅನ್ನುವುದು ಯಾಕೆ? ಇಲ್ಲಿ ಹೊಳೆ ಇಲ್ಲ. ಇದ್ದಿದ್ದರೆ? ಇರುತ್ತಿದ್ದರು. ಇಷ್ಟು ಸುಲಭವಾದದ್ದು ದೊಡ್ಡವರಿಗೆ ಯಾಕೆ ಹೊಳೆದಿಲ್ಲ ಅಂತ ನಮಗೆ ಆಶ್ಚರ್ಯ.

ದಾರಿ ತೋರಿಸಿದವರೂ ಟೀಚರೇ. ಐದನೇ ಕ್ಲಾಸಿನ ಮೊದಲಲ್ಲಿ, ಸ್ಕೂಲಿನ ಅಂಗಳದಲ್ಲಿ ಕಾವೇರಿ ಮಾಡೋಣ ಅಂದರು. ಧ್ವಜದ ಕಂಬದ ಬುಡ ತಲಕಾವೇರಿ, ಹುಣಸೆಮರದ ಹಿಂದಿನ ಗುಂಡಿ ಸಮುದ್ರ. ನಡುವೆ ಅಂಕುಡೊಂಕಾಗಿ ಕಾಲುವೆ ತೋಡುವುದು, ಒಂದೊಂದು ಬೆಂಚಿನವರಿಗೆ ಒಂದೊಂದು ತುಂಡು ಹೊಳೆ. ಅವರವರ ತುಂಡಿನ ಪ್ರಾಣಿ, ಹಕ್ಕಿ, ಜನ ಎಲ್ಲವನ್ನೂ ಅವರವರೇ ಜೇಡಿಮಣ್ಣಿನಲ್ಲಿ ಮಾಡಬೇಕು. ನನ್ನ ಪಾಲಿಗೆ ಮೊಸಳೆ ಬಂತು. ನಾನು ಮೊಸಳೆ ಕಂಡಿರಲಿಲ್ಲ. ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡಿ, ಅದನ್ನೇ ಮನಸ್ಸಿನಲ್ಲಿ ದೊಡ್ಡದು ಮಾಡಿಕೊಂಡು ಮಾಡಿದೆ. ಮುನಿರಾಜು ಹೇಳಿದ್ದು ಹಾಗೆ ನೋಡಿದರೆ ಸುಳ್ಳೇನಲ್ಲ. ಇದನ್ನು ಮಾತ್ರ ಅವನಿಗೆ ಹೇಳಬೇಡಿ.

ನಾರಾಯಣಸ್ವಾಮಿಯ ಚಿಕ್ಕಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಕೆಲಸಕ್ಕಿದ್ದ. ನಮ್ಮ ಮೃಗಪಕ್ಷಿಗಳನ್ನೆಲ್ಲ ಒಣಹುಲ್ಲು ತುಂಬಿದ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋಗಿ, ಇಟ್ಟಿಗೆಗಳ ಸಂದಿಯಲ್ಲಿ ಸುಟ್ಟು ತಂದುಕೊಟ್ಟ. ಆನೆಯ ಸೊಂಡಿಲು ಮಾಲೂರಿನಲ್ಲೇ ಉಳಿದುಕೊಂಡಿತು. ನೀರುನಾಯಿಗಳಿಗೆ ಬಾಲ ಮೇಲಕ್ಕೆ ಸುರುಳಿ, ಥೇಟ್ ನಮ್ಮ ಬೀದಿನಾಯಿಗಳೇ. ಅಂಬಿಗ ಹರಿಗೋಲಿಗಿಂತ ದಪ್ಪಗಿದ್ದ. ಟೀಚರ್ ಒಂದೊಂದನ್ನೂ ಕೈಯಲ್ಲಿ ಹಿಡಿದು ಹೆಸರು ಹೇಳಿ ಇಳಿಸಿದರು. ಯಾವುದಕ್ಕೂ ತಪ್ಪು ಹೆಸರು ಹೇಳಲಿಲ್ಲ, ನನ್ನ ಮೊಸಳೆಗೂ.

ನೀರು ಬಿಡುವ ದಿನ ನಾವೆಲ್ಲ ಮನೆಯಿಂದ ಒಂದೊಂದು ಬಿಂದಿಗೆ ತಂದೆವು. ಸೇದುವ ಬಾವಿಯ ನೀರು, ನಮ್ಮಮ್ಮಂದಿರಿಗೆ ಏನೇನೋ ನೆಪ ಹೇಳಿ ತಂದದ್ದು. ಟೀಚರ್ ಧ್ವಜದ ಕಂಬದ ಬುಡದಲ್ಲಿ ಸೀರೆ ಎತ್ತಿ ಸಿಕ್ಕಿಸಿ ನಿಂತು ಸುರಿದರು. ಕಾವೇರಿ ಹುಟ್ಟಿತು, ಬಳುಕಿತು, ಕೊಡಗು ದಾಟಿತು. ನಾವು ಚಪ್ಪಾಳೆ ಹೊಡೆದೆವು. ಟೀಚರ್ ಓಡಿಹೋಗಿ ಸಮುದ್ರದ ಹತ್ತಿರ ಕಾದು ನಿಂತರು. ಇನ್ನೊಂದು ಬಿಂದಿಗೆ, ಮತ್ತೊಂದು ಬಿಂದಿಗೆ. ಸಮುದ್ರಕ್ಕೆ ಒಂದು ಹನಿ ಬರಲಿಲ್ಲ.

ಏನಾಯಿತು ಅಂತ ಅವರು ದಡದ ಗುಂಟ ನಡೆದುಕೊಂಡು ಬಂದು ನೋಡಿದರೆ, ಪ್ರತಿ ಬೆಂಚಿನವರೂ ತಮ್ಮ ತಮ್ಮ ತುಂಡಿಗೆ ಒಂದೊಂದು ಏರಿ ಹಾಕಿದ್ದೆವು. ಬರಿಯ ಏರಿಯಲ್ಲ, ಪರಂಗಿ ಎಲೆಯ ದಂಟನ್ನು ಕೊಳವೆಯಾಗಿಟ್ಟು ತೂಬು, ಪಕ್ಕದಲ್ಲಿ ಚಪ್ಪಡಿಕಲ್ಲಿನ ಕೋಡಿ. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ. ನೀರು ಬರುತ್ತದೆ ಅಂದ ಮೇಲೆ ಏರಿ ಹಾಕದೆ ಇರುವುದು ಹೇಗೆ? ಅಂಗಳದ ತುಂಬ ಕಾವೇರಿ ಸಾಲುಕೆರೆಯಾಗಿ ನಿಂತಿತ್ತು.

ಹೊಳೆಗೆ ಯಾರಾದರೂ ಏರಿ ಹಾಕುತ್ತಾರೆಯೇ ಅಂತ ಟೀಚರ್ ಕೇಳಿದರು. ನಾರಾಯಣಸ್ವಾಮಿ ಎದ್ದು ನಿಂತು, ನಿಮ್ಮವರೂ ಕನ್ನಂಬಾಡಿಯಲ್ಲಿ ಹಾಕಿದಾರಲ್ಲ ಅಂದ. ಟೀಚರ್ ನಗಲು ಶುರುಮಾಡಿದರು. ನಕ್ಕು ನಕ್ಕು ಸುಸ್ತಾಗಿ, "ಹರಿದು ಹೋಗೋದೇ ಕಣೋ ಅದರ ಕೆಲಸ. ಬಿಡಿ, ಹೋಗಲಿ," ಅಂದರು.

"ಬಿಟ್ರೆ ಹೋಗ್ಬಿಡ್ತದೆ ಟೀಚರ್," ಅಂದೆ ನಾನು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಬಾಯಿ ನಿಲ್ಲಲಿಲ್ಲ. "ನೀವೂ ಹೋಗ್ಬೇಡಿ. ಹೊಳೆ ಇಲ್ಲೇ ಮಾಡಿದೀವಲ್ಲ."

ಅವರ ನಗು ಅಲ್ಲಿಗೇ ನಿಂತಿತು. ಎಲ್ಲಿ ನಿಂತಿದ್ದರೋ ಅಲ್ಲೇ, ತಮಿಳುನಾಡಿನ ಮೇಲೆ, ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ನನ್ನ ಏರಿಯನ್ನು ಬೆರಳಿನಿಂದ ಸವರಿದರು. ಒಡೆಯುತ್ತಾರೆ ಅಂದುಕೊಂಡೆ. ಒಡೆಯಲಿಲ್ಲ. ಇರಲಿ, ಯಾರೂ ಒಡೆಯಬೇಡಿ ಅಂತ ಹೇಳಿ, ಕಣ್ಣೊರೆಸಿಕೊಂಡು, ಗಂಟೆ ಹೊಡೆಯಲು ಹೋದರು.

ಆ ವರ್ಷ ಹಿಂಗಾರು ಮಳೆ ಚೆನ್ನಾಗಿ ಹಿಡಿಯಿತು. ಅಂಗಳದ ಕಾವೇರಿಯ ಕೆರೆಗಳಲ್ಲಿ ಗೊದಮೊಟ್ಟೆಗಳಾದವು, ನಮ್ಮ ಹೊಳೆಗೆ ತಾವಾಗಿ ಬಂದ ಮೊದಲ ಜೀವಿಗಳು. ಊರ ಕೆರೆಯೂ ತುಂಬಿ ಒಂದು ಬೆಳಿಗ್ಗೆ ಕೋಡಿ ಬಿತ್ತು. ನಮ್ಮ ಕಡೆ ಕೋಡಿ ಬಿದ್ದರೆ ಊರಿಗೆ ಊರೇ ಕೆಲಸ ಬಿಡುತ್ತದೆ. ತಮಟೆಯವರು ಮುಂದೆ, ತಟ್ಟೆ ಹಿಡಿದ ಹೆಂಗಸರು ಹಿಂದೆ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಹೂವು. ಗಂಗಮ್ಮನಿಗೆ ಪೂಜೆ ಮಾಡಿ ಅದನ್ನೆಲ್ಲ ಹರಿಯುವ ನೀರಿಗೆ ಬಿಡುತ್ತಾರೆ. ಆಮೇಲೆ ಆ ನೀರು ನಮ್ಮದಲ್ಲ, ಕೆಳಗಿನ ಊರಿನ ಕೆರೆಯದು. ಅದಕ್ಕೆ ಅಡ್ಡವಾಗಿ ಮಕ್ಕಳು ಆಟಕ್ಕೆ ಒಂದು ಕಲ್ಲಿಟ್ಟರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು.

ಅವ್ವ ಟೀಚರನ್ನೂ ಕರೆದುಕೊಂಡು ಹೋದಳು. ಕೋಡಿಯ ಮೇಲಿಂದ ನೀರು ಜಿಗಿದು ಓಡುವುದನ್ನು ಕಂಡು ಟೀಚರ್ ಚಪ್ಪಲಿ ಬಿಟ್ಟು ಮೊಣಕಾಲವರೆಗೆ ಇಳಿದು ನಿಂತರು. ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಕೊನೆಗೆ ಪಾಲಾರಿಗೆ ಅಂತ ನಾಲ್ಕು ಜನ ಒಟ್ಟಿಗೆ ಹೇಳಿದರು. ಹಾಗಾದರೆ ಇದೂ ಹೊಳೆಯೇ ಅಂದರು ಟೀಚರ್. ನನಗೆ ಎಷ್ಟು ಸಂತೋಷವಾಯಿತು ಅಂದರೆ, ಮುಗಿಯಿತು, ಇನ್ನು ಇವರು ಎಲ್ಲಿಗೂ ಹೋಗುವುದಿಲ್ಲ ಅಂತ ನಾರಾಯಣಸ್ವಾಮಿಗೆ ಹೇಳಿಯೂಬಿಟ್ಟೆ.

ದೀಪಾವಳಿ ಕಳೆದ ಮೇಲೆ ವರ್ಗದ ಆರ್ಡರು ಬಂತು.

ನಾನು ಊಟ ಬಿಟ್ಟೆ. ಹುಳುಮನೆಯ ಬಿದಿರು ತಟ್ಟೆಗಳ ಹಿಂದೆ ಹೋಗಿ ಕೂತೆ. ಟೀಚರ್ ಬಂದು ಕರೆದರೂ ಇನ್ನಷ್ಟು ಮೂಲೆಗೆ ಸರಿದೆ. ಹೊರಡುವ ದಿನ ಅವ್ವ ನನ್ನನ್ನು ರಟ್ಟೆ ಹಿಡಿದು ಈಚೆಗೆ ಎಳೆದಳು. ಅವಳ ಕೈಯಲ್ಲಿ ತಟ್ಟೆ. ಅದೇ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಹೂವು. ಇದು ಕೋಡಿಯ ತಟ್ಟೆಯಲ್ಲವಾ ಅಂದೆ.

"ಊ, ಕೋಡೀದೇ," ಅಂದಳು ಅವ್ವ. "ತುಂಬಿದ ಕೆರೆ ಕೋಡಿ ಬಿದ್ರೆ ಅಳ್ತಾರೇನೇ ಅಮ್ಮಣ್ಣಿ? ಅರಿಶಿನ ಕುಂಕುಮ ಕೊಟ್ಟು ಕಳಿಸ್ತಾರೆ. ಇಷ್ಟು ದಿನ ನಮ್ಮ ಕೆರೇಲಿದ್ಲು, ನಮ್ಮ ಗದ್ದೆಗೆ ಹರಿದ್ಲು. ಇನ್ನು ಕೆಳಗಿನೋರಿಗೂ ಬೇಡವಾ? ಪೋನೀಲೇ, ಹೋಗಲಿ ಬಿಡು."

ತಟ್ಟೆ ನನ್ನ ಕೈಗೆ ಕೊಟ್ಟಳು. ಬೀದಿಯುದ್ದಕ್ಕೂ ಅಳುತ್ತಲೇ ಹಿಡಿದುಕೊಂಡು ಸ್ಕೂಲಿಗೆ ಹೋದೆ. ಟೀಚರ್ ಅಂಗಳದಲ್ಲಿ ಟ್ರಂಕಿನ ಪಕ್ಕ ನಿಂತಿದ್ದರು. ಕ್ಲಾಸಿನವರೆಲ್ಲ ಇದ್ದರು. ನಾನು ತಟ್ಟೆಯನ್ನು ಜಗಲಿಯ ಮೇಲಿಟ್ಟು, ನನ್ನ ತುಂಡು ಹೊಳೆಯ ಹತ್ತಿರ ಹೋಗಿ, ಕಾಲಿನಿಂದ ಏರಿ ಒಡೆದೆ. ನಾರಾಯಣಸ್ವಾಮಿ ತನ್ನದನ್ನು ಒಡೆದ. ಆಮೇಲೆ ಎಲ್ಲರೂ ಒಡೆದರು. ಯಾರೋ ಬಾವಿಗೆ ಓಡಿದರು, ಬಿಂದಿಗೆಗಳು ಬಂದವು. ಧ್ವಜದ ಕಂಬದ ಬುಡದಿಂದ ಹೊರಟ ಕಾವೇರಿ ಎಲ್ಲಿಯೂ ನಿಲ್ಲದೆ, ಕನ್ನಂಬಾಡಿಯಲ್ಲೂ ನಿಲ್ಲದೆ, ಹುಣಸೆಮರ ಸುತ್ತಿ ಸಮುದ್ರಕ್ಕೆ ಬಿತ್ತು. ಆಗ ಅವರಿಗೆ ಅರಿಶಿನ ಕುಂಕುಮ ಕೊಟ್ಟೆ. ಬಳೆಯನ್ನು ನನ್ನ ಕೈಯಿಂದಲೇ ತೊಡಿಸಿಕೊಂಡರು. ನನ್ನ ಮೊಸಳೆಯನ್ನೂ ಕೊಡಹೋದೆ. ಅದನ್ನು ನನ್ನ ಅಂಗೈಯಲ್ಲೇ ಮುಚ್ಚಿ, "ಇದು ಇಲ್ಲೇ ಇರಲಿ ಪುಟ್ಟಿ. ನಿಮ್ಮೂರಿಗೆ ಕಾವೇರಿ ಬಂದ ದಿನ ನೀರಿಗೆ ಬಿಡುವೆಯಂತೆ," ಅಂದರು. ಅಳುವ ಮಗುವಿಗೆ ಹೇಳಿದ ಮಾತು, ಅಷ್ಟೇ.

ಆಮೇಲೆ ನಾನು ಮುಳಬಾಗಿಲಲ್ಲಿ ಹೈಸ್ಕೂಲು ಓದಿದೆ, ಕೋಲಾರದಲ್ಲಿ ಸಂಸಾರ ಹೂಡಿದೆ. ಮದುವೆಯಾದ ಹೊಸತರಲ್ಲಿ ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿಯನ್ನು ಕಣ್ಣಾರೆ ನೋಡಿದೆ. ಎಂಥ ಹೊಳೆ! ಆದರೂ ನನ್ನ ಕಣ್ಣು ಮೊದಲು ಹುಡುಕಿದ್ದು ಏರಿ ಎಲ್ಲಿ ಅಂತ. ಟೀಚರ್ ಒಂದೆರಡು ವರ್ಷ ಕಾಗದ ಬರೆದರು, ಆಮೇಲೆ ನಿಂತುಹೋಯಿತು. ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಮೊಸಳೆ ಮಾತ್ರ ಮನೆಯಿಂದ ಮನೆಗೆ ನನ್ನ ಜೊತೆ ಬಂತು.

ಮುನಿರಾಜು ಬಂದುಹೋದ ಮಾರನೆಯ ದಿನ ಬೆಂಗಳೂರಿನಿಂದ ನನ್ನ ತಂಗಿ ಫೋನ್ ಮಾಡಿದ್ದಳು. ಮಾತಿನ ನಡುವೆ, "ಇರು, ಕಾವೇರಿ ಬಂತು, ಹಿಡ್ಕೊಂಡು ಆಮೇಲೆ ಮಾಡ್ತೀನಿ," ಅಂತ ಇಟ್ಟುಬಿಟ್ಟಳು. ನಲ್ಲಿ ನೀರಿಗೆ ಅವರು ಹಾಗೇ ಅನ್ನುವುದು, ಎಷ್ಟೋ ಸಲ ಕೇಳಿದ್ದೇನೆ. ಆದರೆ ಅವತ್ತು ಫೋನು ಕೈಯಲ್ಲಿ ಹಿಡಿದುಕೊಂಡೇ ನಿಂತೆ. ಬೆಂಗಳೂರು ಕುಡಿಯುವುದು ಕಾವೇರಿ. ಮಿಂದು, ಒಗೆದು ಬಿಟ್ಟ ಆ ನೀರನ್ನೇ ಶುದ್ಧಮಾಡಿ ಕೊಳವೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವುದು. ವರ್ಷಗಳಿಂದ ಪೇಪರಿನಲ್ಲಿ ಓದಿದ್ದೇನೆ, ಬೈದಿದ್ದೇನೆ. ಸರಿಯಾಗಿ ಶುದ್ಧವಾಗಿಲ್ಲ ಅನ್ನುವ ಜಗಳ ಇನ್ನೂ ಇದೆ, ಆ ಜಗಳ ನ್ಯಾಯವಾದದ್ದೇ. ಆದರೆ ಆ ನೀರು ಯಾರು ಅನ್ನುವುದು ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ.

ಮೊಸಳೆಯನ್ನು ಅರಿಶಿನ, ಕುಂಕುಮ, ಬಳೆಯ ಜೊತೆ ಸೆರಗಿನಲ್ಲಿ ಕಟ್ಟಿಕೊಂಡು ನಮ್ಮೂರಿನ ಬಸ್ಸು ಹತ್ತಿದೆ. ಕೋಡಿ ಹರಿಯುತ್ತಿತ್ತು. ಅಂಚಿನಲ್ಲಿ ಸ್ವಲ್ಪ ನೊರೆ, ಸ್ವಲ್ಪ ವಾಸನೆ. ಆಚೆ ದಡದ ಜಾಲಿಮರಗಳಲ್ಲಿ ಕೊಕ್ಕರೆಗಳು ಊರಿಗೆಲ್ಲ ಕೇಳುವ ಹಾಗೆ ಜಗಳವಾಡುತ್ತಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, ಈ ನೀರಿಗೂ ಅರಿಶಿನ ಕುಂಕುಮವೇನಮ್ಮ ಅಂತ ನಕ್ಕಳು. ನಾನು ಹಾಕಿದೆ. ಹಸಿರು ಬಳೆ ಬಿಟ್ಟೆ. ಟೀಚರ ಹಾಗೆ ಮೊಣಕಾಲವರೆಗೆ ಇಳಿಯುವ ಧೈರ್ಯ ಬರಲಿಲ್ಲ, ಪಾದ ಮುಳುಗುವಷ್ಟು ನಿಂತು ಮೊಸಳೆಯನ್ನು ಬಿಟ್ಟೆ. ನೀರು ಅದನ್ನು ಒಂದು ಸುತ್ತು ಉರುಳಿಸಿ ಕೆಳಗಿನ ಊರಿನ ಕಡೆಗೆ ಎಳೆದುಕೊಂಡಿತು. ಬಹಳ ಹೊತ್ತು ಅತ್ತೆ. ದುಃಖಕ್ಕಲ್ಲ.

ನಿನ್ನೆ ಮತ್ತೆ ಟೀವಿ ಕೆಟ್ಟಿತು, ಮುನಿರಾಜು ಬಂದಿದ್ದ. ಪಕ್ಕದ ಖಾಲಿ ಜಾಗ ನೋಡಿ, ಓತಿಕ್ಯಾತ ಎಲ್ಲಿ ಹೋಯಿತು ಅಂತ ಕೇಳಿದ. ಈ ಸಲ ನನಗೆ ಸಿಟ್ಟು ಬರಲಿಲ್ಲ.

"ಅದು ಮೊಸಳೆ ಕಣಪ್ಪಾ," ಅಂದೆ. "ಹೊಳೆಗೆ ಬಿಟ್ಟೆ."

"ಯಾವ ಹೊಳೆಗೆ ಆಂಟೀ?"

"ನಮ್ಮೂರ ಹೊಳೆಗೆ."